ಸೂಜಿ ತಾಗಿಸಬಾರದ ಬಟ್ಟೆ

ಇಲಾಖೆಯ ಸಾಮಾನು ಮನೆಗೆ ತರಬಾರದು.
ತಂದಿದ್ದಾನೆ, ಗೋಣಿಚೀಲದಲ್ಲಿ ಸುತ್ತಿ
ಗಾಡಿಯ ಮುಂದಿಟ್ಟುಕೊಂಡು, ಕದ್ದ ಕುರಿ ತಂದವನ ಹಾಗೆ.
"ಮೊಣಕಾಲಲ್ಲಿ ಸೋರುತ್ತೆ" ಅಂದ.
ಚಹಾ ಕುಡಿದು ಗೋಡೆ ಕಡೆ ತಿರುಗಿ ಮಲಗಿದ.

ಬಿಚ್ಚಿದೆ.
ಕೈ, ಕಾಲು, ಎದೆ ಎಲ್ಲ ಒಂದೇ ತುಂಡು,
ಬೆನ್ನಿಗೆ ಅಡ್ಡಲಾಗಿ ಹಿತ್ತಾಳೆಯ ಜಿಪ್ಪು,
ಕುತ್ತಿಗೆಗೆ, ಮಣಿಕಟ್ಟಿಗೆ ಬಲೂನಿನಂಥ ರಬ್ಬರು.
ಭದ್ರಾ ನಾಲೆಯ ಕೆಸರು ಮಡಿಕೆಗಳಲ್ಲಿ ಒಣಗಿ
ಹಪ್ಪಳದಂತೆ ಮುರಿಯುತ್ತಿತ್ತು.
ಒಂದು ವಾಸನೆಯೂ ಇತ್ತು. ಕೆಸರಿನದಲ್ಲ.
ಅದಕ್ಕೆ ನಾನು ಹೆಸರಿಡಲಿಲ್ಲ.

ನಿಟ್ಟುವಳ್ಳಿಯ ಅರ್ಧ ಓಣಿಯ ರವಿಕೆಗಳು ನನ್ನ ಕೈಯವು.
ಹರಿದದ್ದು ಕಂಡರೆ ಬೆರಳು ತಾನೇ ಸೂಜಿಗೆ ಹೋಗುತ್ತೆ.
ಹೋಯಿತು, ನಿಂತಿತು.
ಇದಕ್ಕೆ ಸೂಜಿ ತಾಗಿಸಬಾರದಂತೆ,
ಒಂದು ತೂತು ಮುಚ್ಚಲು ಹೋಗಿ ನಲವತ್ತು ತೂತು.
ಮಶೀನಿಗೆ ಮುಸುಕು ಹಾಕಿ ನೆಲದ ಮೇಲೆ ಕೂತೆ,
ಕೆಲಸ ಬಾರದವಳ ಹಾಗೆ.

ಅಪ್ಪನಿಗೆ ಬರುತ್ತಿತ್ತು.
ಹದಡಿ ರಸ್ತೆಯ ಬೇವಿನ ಬುಡದಲ್ಲಿ ಪಂಕ್ಚರ್ ಅಂಗಡಿ,
ಒಂದು ಬೋಗುಣಿ, ಅದರಲ್ಲಿ ಮಸಿಯಂಥ ನೀರು.
ಟ್ಯೂಬು ಮುಳುಗಿಸಿ ತಿರುಗಿಸುತ್ತಾ
ನನ್ನ ಕಡೆ ನೋಡದೇ ಹೇಳುತ್ತಿದ್ದ:
ತೇಪೆಗೆ ಮೂಲೆ ಇಡಬೇಡ,
ಮೂಲೆಯಿಂದಲೇ ಏಳುತ್ತೆ.

ಮೊದಲು ತೊಳೆಯಬೇಕು. ಸರ್ಫು ಬೇಡ, ಬ್ರಷ್ಷು ಬೇಡ,
ಕುದಿಯೋ ನೀರಂತೂ ಬೇಡವೇ ಬೇಡ.
ಇಂಚರಳ ಶಾಂಪೂ ಎರಡು ಪೊಟ್ಟಣ, ಹಳೇ ಸ್ಪಂಜು,
ಕಂಕುಳು, ತೊಡೆಸಂದು, ಮೊಣಕಾಲ ಹಿಂದೆ.
ಬಾಣಂತಿ ಕೂಸಿಗೆ ಎರೆಯುವಾಗ ಇದೇ ಜಾಗಗಳು.
ಐದು ಕೊಡ ಕಂದಾಗಿ ಮೋರಿಗೆ ಹೋದವು,
ಆರನೆಯದು ತಿಳಿಯಾಗಿಯೇ ಇಳಿಯಿತು.
ವಾಸನೆ ಮಾತ್ರ ಕುತ್ತಿಗೆಯ ಹತ್ತಿರ ಕೂತಿತ್ತು,
ಕರೆಯದೇ ಬಂದ ನೆಂಟನ ಹಾಗೆ, ಊಟ ಆದಮೇಲೂ.

ನೆರಳಲ್ಲಿ ಒಣಗಿಸಿ,
ಮಣಿಕಟ್ಟುಗಳಿಗೆ ಸ್ಟೀಲ್ ಲೋಟ ತುರುಕಿ
ಕುತ್ತಿಗೆಗೆ ತಂಬಿಗೆ ಇಟ್ಟು ಬಿಗಿದೆ.
ಸಂದಿಯಿಂದ ಸೈಕಲ್ ಪಂಪು.
ಇಂಚರ ಹೊಡೆದಳು, ನಾನೂ ಹೊಡೆದೆ.
ನಡುಮನೆಯಲ್ಲಿ ನಿಧಾನವಾಗಿ ಎದ್ದ
ತಲೆಯ ಜಾಗದಲ್ಲಿ ತಂಬಿಗೆ ಇರುವ ಒಬ್ಬ ಮನುಷ್ಯ.
"ಅಪ್ಪ ದಪ್ಪ ಆದ!" ಅಂತ ನಕ್ಕಳು.
ಒಳಕೋಣೆ ಕಡೆ ನೋಡಿ ಸುಮ್ಮನಾದಳು.

ಸೋಪಿನ ನೀರು ಹಚ್ಚಿದೆ.
ಮೊಣಕಾಲು: ಏನಿಲ್ಲ. ಎರಡು ಸಲ ನೋಡಿದೆ, ಏನಿಲ್ಲ.
ಹೊಟ್ಟೆ, ಬೆನ್ನು, ಜಿಪ್ಪಿನ ಕೊನೆ.
ಎಡಗೈಯ ಮಣಿಕಟ್ಟಿನ ರಬ್ಬರಿಗೆ ಬಂದಾಗ
ಸಾಲಾಗಿ ಮೂರು ಗುಳ್ಳೆ.
ಒರೆಸಿದೆ. ಮತ್ತೆ ಮೂರು.
ಸೀಮೆಸುಣ್ಣದಿಂದ ಸುತ್ತು ಹಾಕಲು ಬಗ್ಗಿದವಳು
ಹಾಗೇ ಉಳಿದೆ.

ಬಿದಿಗೆ ಚಂದ್ರನಂಥ ಗೀರುಗಳು, ಒಂದರ ಪಕ್ಕ ಒಂದು.
ಅವನ ಉಗುರಲ್ಲ, ಸೋಮವಾರ ತಾನೇ ಕತ್ತರಿಸಿದ್ದ.
ನನ್ನ ಉಗುರು ಇಟ್ಟು ನೋಡಿದೆ, ದೊಡ್ಡದಾಯಿತು.
"ನಾನು ನೋಡ್ಲಾ" ಅಂತ ಇಂಚರಳ ಕೈ ಬಂತು.
ತಳ್ಳಿಬಿಟ್ಟೆ, ಸ್ವಲ್ಪ ಜೋರಾಗಿಯೇ.

ಹಿಡಿದಿತ್ತು ಅಂತಾಯಿತು.
ಒಂದು ಗಳಿಗೆಯಾದರೂ
ಇವನ ಕೈ ಹಿಡಿದಿತ್ತು.

ಸ್ಪಿರಿಟ್ಟಿನಿಂದ ಒರೆಸಿ, ಉಜ್ಜಿ,
ಸಲ್ಯೂಷನ್ ಹಚ್ಚಿ ಹತ್ತು ನಿಮಿಷ ಬಿಟ್ಟೆ.
ತೇಪೆಯನ್ನು ಗುಂಡಗೆ ಕತ್ತರಿಸಿದೆ.
ಹೆಬ್ಬೆರಳಿಂದ ಒತ್ತಿ ಹಿಡಿದೆ,
ನೂರು ಎಣಿಸಬೇಕಿತ್ತು, ಎಣಿಕೆ ತಪ್ಪಿತು,
ಹಿಡಿದೇ ಇದ್ದೆ.
ಜಿಪ್ಪಿಗೆ ಮೇಣದಬತ್ತಿ, ರಬ್ಬರಿಗೆ ಪೌಡರು.

ಮರುದಿನ ಅದನ್ನು ತೊಟ್ಟು
ಹಿತ್ತಲ ತೊಟ್ಟಿಯಲ್ಲಿ ಕುತ್ತಿಗೆ ತನಕ ಕೂತ.
ಪಕ್ಕದ ಮನೆಯವರು ತಾರಸಿಯಿಂದ ನೋಡಿದರು.
ಅಷ್ಟೂ ಹೊತ್ತು ಎಡಗೈ ಮಾತ್ರ
ನೀರಿನ ಮೇಲೆ ಎತ್ತಿ ಹಿಡಿದಿದ್ದ.
"ಅದನ್ನೂ ಮುಳುಗಿಸು" ಅಂದೆ.
ನನ್ನ ಮುಖ ನೋಡಿದ. ಮುಳುಗಿಸಿದ.

ಕಳಚಿದ ಮೇಲೆ ತೋಳೊಳಗೆ ಬೆರಳು ಹಾಕಿದೆ:
ಒದ್ದೆ.
"ಬೆವರು" ಅಂದ.
ನಾಲಿಗೆಗೆ ಮುಟ್ಟಿಸಿದೆ. ಉಪ್ಪು.
ಆದರೆ ನಮ್ಮ ಬೋರಿನ ನೀರೂ ಉಪ್ಪೇ,
ಬೇಳೆ ಬೇಯೋದಿಲ್ಲ ಅದರಲ್ಲಿ.